ದಿಲ್ಲಿಗೆ ಹೋದರೆ ಯಾವ ಮೊಹಲ್ಲಾದಲ್ಲಿ ಇಳಿದುಕೊಳ್ಳಬೇಕು?

ನಾನು ಕಲಬುರಗಿ ಕಡೆಯ ಶಿಕ್ಷಕಿ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡ್ತೀನಿ, ಒಂದು ತರಗತಿಗೆ ಕನ್ನಡದಲ್ಲಿ, ಇನ್ನೊಂದಕ್ಕೆ ಉರ್ದುವಿನಲ್ಲಿ. ಡಿಗ್ರಿ ಮುಗಿಸಿದ ಹಳೆಯ ವಿದ್ಯಾರ್ಥಿಗಳು ಪ್ರತಿ ವರ್ಷ ಜೂನ್ ಬಂತೆಂದರೆ ಫೋನ್ ಮಾಡ್ತಾರೆ: "ಟೀಚರ್, ಯುಪಿಎಸ್‌ಸಿ ಕೋಚಿಂಗಿಗೆ ದಿಲ್ಲಿಗೆ ಹೊರಟೀನಿ. ರೂಮು ಎಲ್ಲಿ ಹಿಡೀಲಿ?" ಅವರ ಅಮ್ಮಂದಿರು ಅದನ್ನೇ ದಖನಿಯಲ್ಲಿ ಕೇಳ್ತಾರೆ: "ಬಚ್ಚಾ ಕಾಂ ಠೈರ್‌ನಾ, ಬಾಜಿ?" ಇನ್ನು ನಿಜಾಮುದ್ದೀನ್ ದರ್ಗಾದ ಜಿಯಾರತ್‌ಗೆ, ಕೆಂಪುಕೋಟೆ ನೋಡೋದಕ್ಕೆ ಕುಟುಂಬ ಸಮೇತ ಹೋಗುವವರದ್ದೂ ಇದೇ ಪ್ರಶ್ನೆ.

ಬಾಡಿಗೆ ಎಷ್ಟು, ನೀರು ಬರುತ್ತೋ ಇಲ್ಲವೋ ಅನ್ನೋದನ್ನು ಯಾರು ಬೇಕಾದರೂ ಹೇಳಬಲ್ಲರು. ನಾನು ಇತಿಹಾಸದ ಶಿಕ್ಷಕಿ, ಹಾಗಾಗಿ ಇನ್ನೊಂದು ಮಾತು ಹೇಳ್ತೀನಿ. ದಿಲ್ಲಿಯಲ್ಲಿ ಯಾರು ಎಲ್ಲಿ ಇರಬೇಕು ಅನ್ನೋದು ಬರೀ ಅನುಕೂಲದ ಪ್ರಶ್ನೆಯಾಗಿ ಯಾವತ್ತೂ ಇರಲಿಲ್ಲ. ನೀವು ರೂಮು ಹುಡುಕುವ ಪ್ರತಿ ಬೀದಿಯಲ್ಲೂ ನಿಮಗಿಂತ ಮುಂಚೆ ಯಾರನ್ನೋ ಕರೆತಂದು ಇರಿಸಿದ್ದಾರೆ, ಇಲ್ಲವೇ ಇದ್ದವರನ್ನು ಎಬ್ಬಿಸಿ ಕಳಿಸಿದ್ದಾರೆ. ಅದನ್ನು ತಿಳಿದುಕೊಂಡು ಹೋದರೆ ರೂಮಿನ ಬಾಡಿಗೆ ಕಡಿಮೆ ಆಗಲ್ಲ, ನಿಜ. ಆದರೆ ದಲ್ಲಾಳಿ ನಿಮ್ಮ ಪೂರ್ತಿ ಹೆಸರು ಕೇಳಿ ಆಮೇಲೆ ಸುಮ್ಮನಾದಾಗ, ಆ ಮೌನ ಎಲ್ಲಿಂದ ಬಂತು ಅನ್ನೋದಾದರೂ ಗೊತ್ತಿರುತ್ತೆ.

ಮುಖರ್ಜಿ ನಗರದಿಂದಲೇ ಶುರು ಮಾಡೋಣ. ನಮ್ಮ ಹುಡುಗರು ಹೆಚ್ಚಾಗಿ ಕೇಳುವುದು ಅದರ ಬಗ್ಗೆ. ಉತ್ತರ ದಿಲ್ಲಿಯ ಈ ಬಡಾವಣೆ ಹಿಂದಿ ಮಾಧ್ಯಮದ ಯುಪಿಎಸ್‌ಸಿ ತಯಾರಿಗೆ ದೇಶಕ್ಕೆಲ್ಲ ಹೆಸರಾದದ್ದು. ಇಂಗ್ಲಿಷ್ ಮಾಧ್ಯಮದವರು ಹೆಚ್ಚಾಗಿ ಓಲ್ಡ್ ರಾಜಿಂದರ್ ನಗರ, ಕರೋಲ್ ಬಾಗ್ ಕಡೆ ಹೋಗ್ತಾರೆ. ಮುಖರ್ಜಿ ನಗರದಲ್ಲಿ ಬತ್ರಾ ಅಂತ ಒಂದು ಚಿತ್ರಮಂದಿರದ ಹೆಸರಿದೆ, ದಾರಿ ಕೇಳಿದರೆ ಎಲ್ಲರೂ ಅಲ್ಲಿಂದಲೇ ಎಡ-ಬಲ ಹೇಳ್ತಾರೆ. ಒಂದರ ಮೇಲೊಂದು ಕೋಚಿಂಗ್ ಫಲಕಗಳು, ಜೆರಾಕ್ಸ್ ಅಂಗಡಿಗಳು, ಹಳೆಯ ಪುಸ್ತಕದ ರಾಶಿ, ಟಿಫಿನ್ ಡಬ್ಬಿ ಹೊತ್ತ ಸೈಕಲ್‌ಗಳು. ಒಂದು ಮಂಚ, ಒಂದು ಮೇಜು ಹಿಡಿಸುವ ಕೋಣೆಗಳು. ನಾನು ಒಮ್ಮೆ ನನ್ನ ತಮ್ಮನಿಗೆ ರೂಮು ಹುಡುಕಲು ಅಲ್ಲಿ ಎರಡು ವಾರ ಇದ್ದೆ. ಗೋಡೆಗೆ ಭಾರತದ ನಕಾಶೆ ಅಂಟಿಸದ ಕೋಣೆ ಒಂದೂ ಕಾಣಲಿಲ್ಲ.

ಆದರೆ ಈ ಜಾಗ ಮೊದಲೇನಾಗಿತ್ತು? ಮುಖರ್ಜಿ ನಗರಕ್ಕೆ ಹತ್ತಿರದ ಮೆಟ್ರೋ ನಿಲ್ದಾಣ ಗುರು ತೇಗ್ ಬಹಾದುರ್ ನಗರ. ಆ ಪ್ರದೇಶಕ್ಕೆ ಹಳಬರು ಇವತ್ತಿಗೂ ಕಿಂಗ್ಸ್‌ವೇ ಕ್ಯಾಂಪ್ ಅಂತಾರೆ. ಇದು ದರ್ಬಾರಿಗೆ ಬಂದವರ ಡೇರೆಗಳ ಕಾಲದ ಹೆಸರು. ಸುತ್ತಮುತ್ತ ಔಟ್ರಂ ಲೈನ್ಸ್, ಹಡ್ಸನ್ ಲೈನ್ಸ್ ಅಂತ ಬೀದಿಗಳಿವೆ, ಅವೂ ಬ್ರಿಟಿಷ್ ಸೇನಾ ವಾಸನೆಯ ಹೆಸರುಗಳೇ. ಇಲ್ಲಿಂದ ಬುರಾಡಿ ಕಡೆ ಆಟೋದಲ್ಲಿ ಸ್ವಲ್ಪ ದೂರ ಹೋದರೆ ಕಾರೊನೇಷನ್ ಪಾರ್ಕ್ ಸಿಗುತ್ತೆ. 1877ರಲ್ಲಿ ಲಾರ್ಡ್ ಲಿಟ್ಟನ್ ವಿಕ್ಟೋರಿಯಾ ರಾಣಿಯನ್ನು ಕೈಸರ್-ಎ-ಹಿಂದ್ ಅಂತ ಸಾರಿದ್ದು ಅಲ್ಲೇ. 1903ರಲ್ಲಿ ಕರ್ಜನ್‌ನ ದರ್ಬಾರು ಅಲ್ಲೇ. 1911ರ ಡಿಸೆಂಬರ್ 12ರಂದು ಐದನೇ ಜಾರ್ಜ್ ರಾಜಧಾನಿಯನ್ನು ಕಲ್ಕತ್ತಾದಿಂದ ದಿಲ್ಲಿಗೆ ತರುತ್ತೇವೆ ಎಂದು ಘೋಷಿಸಿದ್ದೂ ಅದೇ ಬಯಲಿನಲ್ಲಿ. ಮೂರು ದಿನ ಬಿಟ್ಟು ಹೊಸ ರಾಜಧಾನಿಯ ಅಡಿಗಲ್ಲನ್ನು ಕೂಡ ಇಲ್ಲೇ ಹತ್ತಿರದಲ್ಲಿ ಇಟ್ಟರು. ಆಮೇಲೆ ಮನಸ್ಸು ಬದಲಾಯಿಸಿ ದಕ್ಷಿಣಕ್ಕೆ, ರೈಸಿನಾ ಗುಡ್ಡಕ್ಕೆ ಹೋದರು. ಮೊದಲಿನ ಲೆಕ್ಕದಂತೆ ನಡೆದಿದ್ದರೆ ನಿಮ್ಮ ಪಿಜಿ ಇವತ್ತು ಸಂಸತ್ ಭವನದ ಪಕ್ಕದಲ್ಲಿ ಇರುತ್ತಿತ್ತೋ ಏನೋ!

ಆ ದರ್ಬಾರಿನಲ್ಲಿ ನಮ್ಮವರೂ ಇದ್ದರು. ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅದೇ ವರ್ಷ ಗಾದಿಗೆ ಬಂದಿದ್ದರು. ಆಗ ನಮ್ಮ ಕಲಬುರಗಿ, ಬೀದರ್, ರಾಯಚೂರು ಅವರ ಆಳ್ವಿಕೆಯಲ್ಲಿದ್ದವು. ಮೈಸೂರಿನಿಂದ ನಾಲ್ವಡಿ ಕೃಷ್ಣರಾಜ ಒಡೆಯರ್ ಬಂದಿದ್ದರು. ಅಂದರೆ ಇವತ್ತಿನ ಕರ್ನಾಟಕದ ಎರಡು ದೊಡ್ಡ ಭಾಗಗಳ ದೊರೆಗಳು ಮುಖರ್ಜಿ ನಗರದ ಮಗ್ಗುಲಿನ ಬಯಲಿನಲ್ಲಿ ಡೇರೆ ಹಾಕಿಸಿ, ಪರದೇಶದ ದೊರೆಗೆ ತಲೆಬಾಗಿ ಬಂದರು. ಈಗ ಆ ಪಾರ್ಕಿನಲ್ಲಿ ಐದನೇ ಜಾರ್ಜ್‌ನ ಕಲ್ಲಿನ ಪ್ರತಿಮೆ ನಿಂತಿದೆ. ಮೊದಲು ಇಂಡಿಯಾ ಗೇಟ್ ಬಳಿಯ ಮಂಟಪದಲ್ಲಿದ್ದದ್ದನ್ನು 1960ರ ದಶಕದಲ್ಲಿ ಕಿತ್ತು ತಂದು ಇಲ್ಲಿ ನಿಲ್ಲಿಸಿದ್ದು. ದಿಲ್ಲಿ ಜನರನ್ನು ಮಾತ್ರ ಅಲ್ಲ, ರಾಜರ ಪ್ರತಿಮೆಗಳನ್ನೂ ಮೊಹಲ್ಲಾ ಬದಲಾಯಿಸಿ ಕೂರಿಸುತ್ತೆ.

ದರ್ಬಾರಿನ ಈ ಶಿಬಿರದ ಜಾಗವೇ 1947ರಲ್ಲಿ ಬೇರೆ ಥರದ ಶಿಬಿರ ಆಯಿತು. ಪಶ್ಚಿಮ ಪಂಜಾಬಿನಿಂದ ಎಲ್ಲ ಕಳೆದುಕೊಂಡು ಬಂದ ಹಿಂದೂ, ಸಿಖ್ ಕುಟುಂಬಗಳಿಗೆ ಕಿಂಗ್ಸ್‌ವೇ ಕ್ಯಾಂಪ್ ದಿಲ್ಲಿಯ ಅತಿದೊಡ್ಡ ಆಸರೆ. ಇವತ್ತು ಆ ಕಡೆಯ ಎಷ್ಟೋ ಮನೆಗಳ ಮಾಲೀಕರು ಆ ಕುಟುಂಬಗಳ ಮೊಮ್ಮಕ್ಕಳು. ಬಾಡಿಗೆಗೆ ಮನೆ ಕೇಳುವಾಗ ಇದನ್ನು ನೆನಪಿಡಿ. ಎದುರಿಗೆ ನಿಂತ ಅಂಕಲ್‌ನ ಅಜ್ಜ ಲಾಹೋರಿನಲ್ಲೋ ಲಾಯಲ್‌ಪುರದಲ್ಲೋ ಬಾಗಿಲಿಗೆ ಬೀಗ ಹಾಕಿ, ಚಾವಿ ಜೇಬಿಗಿಟ್ಟುಕೊಂಡು, ವಾಪಸ್ ಹೋಗ್ತೀನಿ ಅಂತ ನಂಬಿ ಬಂದವನಿರಬಹುದು. ಅವನ ಗಾಯ ಸುಳ್ಳಲ್ಲ. ಆದರೆ ಆ ಗಾಯದ ಬಿಲ್ಲನ್ನು ಆಳಂದದಿಂದ, ಚಿತ್ತಾಪುರದಿಂದ ಬಂದ ಇಪ್ಪತ್ತೆರಡು ವರ್ಷದ ಹುಡುಗ ಯಾಕೆ ಕಟ್ಟಬೇಕು ಅನ್ನೋದು ನನ್ನ ಪ್ರಶ್ನೆ.

ಈಗ ಅದೇ ವರ್ಷದ ಇನ್ನೊಂದು ಕಡೆಯನ್ನು ನೋಡಿ. 1947ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಮುಸಲ್ಮಾನರು ಮನೆ ಬಿಟ್ಟು ಪುರಾನಾ ಕಿಲಾಕ್ಕೆ, ಹುಮಾಯೂನ್ ಮಕ್‌ಬರಾಕ್ಕೆ ಓಡಿದರು. ನಾವು ಇವತ್ತು ಟಿಕೆಟ್ ತೆಗೆದು ಒಳಗೆ ಹೋಗಿ ಫೋಟೋ ತೆಗೆಸಿಕೊಳ್ಳುವ ಜಾಗಗಳಲ್ಲಿ ಜನ ಮಳೆಯಲ್ಲಿ, ಕೆಸರಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರು. ಆ ಶಿಬಿರಗಳಲ್ಲಿ ಕೆಲಸ ಮಾಡಿದ ಅನೀಸ್ ಕಿದ್ವಾಯಿ ಉರ್ದುವಿನಲ್ಲಿ 'ಆಜಾದಿ ಕಿ ಛಾಂವ್ ಮೇಂ' ಅಂತ ಪುಸ್ತಕ ಬರೆದರು. ಅವರ ಪತಿ ಶಫಿ ಅಹ್ಮದ್ ಕಿದ್ವಾಯಿ ಅದೇ ವರ್ಷ ಮಸ್ಸೂರಿಯಲ್ಲಿ ಕೊಲೆಯಾಗಿದ್ದರು. ಆ ದುಃಖದಲ್ಲಿ ಅವರು ಮನೆಯಲ್ಲಿ ಕೂರದೆ ಶಿಬಿರಕ್ಕೆ ಹೋದರು. ಉರ್ದು ಓದಬಲ್ಲ ನಮ್ಮ ಹುಡುಗಿಯರು ಆ ಪುಸ್ತಕ ಓದಬೇಕು, ಪರೀಕ್ಷೆಗಲ್ಲ.

ಲೆಕ್ಕ ಹೇಳಬೇಕೆಂದರೆ, 1941ರಲ್ಲಿ ದಿಲ್ಲಿಯ ಜನಸಂಖ್ಯೆಯಲ್ಲಿ ಮೂರನೇ ಒಂದರಷ್ಟಿದ್ದ ಮುಸಲ್ಮಾನರು 1951ರ ಜನಗಣತಿಯಲ್ಲಿ ಶೇಕಡಾ 6ರ ಆಸುಪಾಸಿಗೆ ಇಳಿದಿದ್ದರು. ಹೋದವರ ಮನೆಗಳು ಸರ್ಕಾರದ ಕಸ್ಟೋಡಿಯನ್ ಕೈಗೆ ಹೋದವು. ಪಾಕಿಸ್ತಾನಕ್ಕೆ ಹೋಗದೆ, ದಿಲ್ಲಿಯಲ್ಲೇ ಶಿಬಿರದಲ್ಲಿ ಕೂತು ವಾಪಸ್ ಬಂದ ಎಷ್ಟೋ ಜನರಿಗೂ ತಮ್ಮ ಮನೆಯಲ್ಲಿ ಬೇರೆಯವರು ಒಲೆ ಹಚ್ಚಿದ್ದು ಕಂಡಿತು. ಆಡಳಿತವೇ ಹಳೇ ದಿಲ್ಲಿಯ ಕೆಲವು ಮೊಹಲ್ಲಾಗಳನ್ನು 'ಮುಸ್ಲಿಂ ವಲಯ' ಅಂತ ಗುರುತಿಸಿ, ಅಲ್ಲಿನ ಖಾಲಿ ಮನೆಗಳನ್ನು ಮುಸಲ್ಮಾನರಿಗೇ ಕೊಡಬೇಕು ಅಂತ ಮಾಡಿತು. ರಕ್ಷಣೆಗಾಗಿ ಮಾಡಿದ್ದು, ಒಪ್ಪೋಣ. ಆದರೆ ಆಗ ಎಳೆದ ಗೆರೆ ಆಮೇಲೆ ಅಳಿಸಲೇ ಇಲ್ಲ.

ದಿಲ್ಲಿಯಲ್ಲಿ ಬೇಕೆಂದ ಕಡೆ ಇಳಿದುಕೊಳ್ಳಲು ಆಗದೆ ಹೋದವರ ಪಟ್ಟಿಯಲ್ಲಿ ಸಾಕ್ಷಾತ್ ಗಾಂಧೀಜಿ ಇದ್ದಾರೆ, ಗೊತ್ತೇ? 1947ರ ಸೆಪ್ಟೆಂಬರ್ 9ರಂದು ಅವರು ಕಲ್ಕತ್ತಾದಿಂದ ದಿಲ್ಲಿಗೆ ಬಂದರು. ಎಂದಿನಂತೆ ಪೌರಕಾರ್ಮಿಕರ ಕಾಲೊನಿಯಲ್ಲಿ ಇರಬೇಕೆಂಬುದು ಅವರ ಇಷ್ಟ. ಅಲ್ಲಿ ನಿರಾಶ್ರಿತರು ತುಂಬಿದ್ದರು, ಹಾಗಾಗಿ ಅವರನ್ನು ಬಿರ್ಲಾ ಹೌಸ್‌ಗೆ ಕರೆದೊಯ್ದರು. ಬಂದ ಮರುದಿನವೇ ಅವರು ಓಖ್ಲಾದ ಜಾಮಿಯಾಕ್ಕೂ ಹೋದರು, ಕಿಂಗ್ಸ್‌ವೇ ಕ್ಯಾಂಪಿಗೂ ಹೋದರು. ಎರಡೂ ಕಡೆಯ ಕಣ್ಣೀರನ್ನು ಒಂದೇ ದಿನ ನೋಡಿದರು.

1948ರ ಜನವರಿ 13ರಂದು ಅವರು ಉಪವಾಸ ಕೂತದ್ದನ್ನು ನಾವೆಲ್ಲ ಪಾಠದಲ್ಲಿ ಓದಿದ್ದೀವಿ. ಪಾಕಿಸ್ತಾನಕ್ಕೆ ಕೊಡಬೇಕಾದ 55 ಕೋಟಿ ರೂಪಾಯಿಯ ಮಾತೊಂದೇ ನಮ್ಮ ಮಕ್ಕಳ ತಲೆಯಲ್ಲಿ ಉಳಿದುಕೊಂಡಿರುತ್ತೆ. ಜನವರಿ 18ರಂದು ಎಲ್ಲ ಸಮುದಾಯಗಳ ಮುಖಂಡರು ಸಹಿ ಹಾಕಿ ಕೊಟ್ಟ ಪ್ರತಿಜ್ಞೆಯಲ್ಲಿ ಏನಿತ್ತು ಅಂತ ಎಷ್ಟು ಜನ ಓದಿದ್ದೀರಿ? ಮೆಹ್ರೌಲಿಯಲ್ಲಿ ಖ್ವಾಜಾ ಕುತುಬುದ್ದೀನ್ ಬಖ್ತಿಯಾರ್ ಕಾಕಿಯವರ ಉರೂಸ್ ಎಂದಿನಂತೆ ನಡೆಯಬೇಕು. ಆಕ್ರಮಿಸಿದ ಮಸೀದಿಗಳನ್ನು ವಾಪಸ್ ಕೊಡಬೇಕು. ಮತ್ತು ಸಬ್ಜಿ ಮಂಡಿ, ಕರೋಲ್ ಬಾಗ್, ಪಹಾಡ್‌ಗಂಜ್ ಮುಂತಾದ ಕಡೆಗಳಲ್ಲಿ ಮುಸಲ್ಮಾನರು ಮೊದಲಿನ ಹಾಗೆ ಓಡಾಡಲು ಆಗಬೇಕು.

ಆ ಮೂರು ಹೆಸರು ಇನ್ನೊಮ್ಮೆ ಓದಿ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ನ್ಯೂ ಡೆಲ್ಲಿ ಸ್ಟೇಷನ್ನಿನಲ್ಲಿ ಇಳಿದು ಒಂದನೇ ಪ್ಲಾಟ್‌ಫಾರ್ಮ್ ಕಡೆಯಿಂದ ಹೊರಬಂದರೆ ಎದುರಿಗೆ ಸಿಗೋದು ಪಹಾಡ್‌ಗಂಜ್, ಅಗ್ಗದ ಲಾಡ್ಜುಗಳ ರಾಶಿ. ಇಂಗ್ಲಿಷ್ ಮಾಧ್ಯಮದ ಕೋಚಿಂಗ್ ಇರೋದು ಕರೋಲ್ ಬಾಗ್ ಮಗ್ಗುಲಲ್ಲಿ. ಸಬ್ಜಿ ಮಂಡಿ ಇರೋದು ಮುಖರ್ಜಿ ನಗರದಿಂದ ಹಳೇ ಊರಿನ ಕಡೆ ಹೋಗುವಾಗ. ಒಬ್ಬ ಮುದುಕ ಊಟ ಬಿಟ್ಟು ಯಾವ ಮೂರು ಮೊಹಲ್ಲಾಗಳ ಹೆಸರು ಬರೆಸಿದನೋ, ಅದೇ ಸುತ್ತಮುತ್ತ ನಮ್ಮ ಹುಡುಗರು ಇವತ್ತು ರೂಮು ಹುಡುಕುತ್ತಾರೆ. ಉರೂಸ್ ನಡೆಯಿತು. ಜನವರಿ 27ರಂದು ಗಾಂಧೀಜಿ ಸ್ವತಃ ಮೆಹ್ರೌಲಿಯ ದರ್ಗಾಕ್ಕೆ ಹೋದರು. ಮೂರು ದಿನಕ್ಕೆ ಬಿರ್ಲಾ ಹೌಸ್‌ನಲ್ಲಿ ಗುಂಡು ಬಿತ್ತು.

ಕರೋಲ್ ಬಾಗ್ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು. ಅಲ್ಲಿನ ದೊಡ್ಡ ಬಜಾರಿನ ಹೆಸರು ಅಜ್ಮಲ್ ಖಾನ್ ರೋಡ್. ಚಪ್ಪಲಿ, ಮದುವೆ ಸೀರೆ ಕೊಳ್ಳುವ ಜನ ಆ ಹೆಸರಿನವರು ಯಾರು ಅಂತ ಕೇಳಲ್ಲ. ಹಕೀಮ್ ಅಜ್ಮಲ್ ಖಾನ್ ಯುನಾನಿ ವೈದ್ಯರು, 1921ರಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು. ಯುನಾನಿಯನ್ನೂ ಆಯುರ್ವೇದವನ್ನೂ ಒಂದೇ ಸೂರಿನಡಿ ಕಲಿಸುವ ತಿಬ್ಬಿಯಾ ಕಾಲೇಜನ್ನು ಕರೋಲ್ ಬಾಗ್‌ನಲ್ಲಿ ಕಟ್ಟಿಸಿದರು. 1921ರ ಫೆಬ್ರವರಿಯಲ್ಲಿ ಗಾಂಧೀಜಿ ಅದನ್ನು ಉದ್ಘಾಟಿಸಿದರು. 1920ರಲ್ಲಿ ಅಲಿಗಢದಲ್ಲಿ ಹುಟ್ಟಿದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ, 1925ರಲ್ಲಿ ಅದನ್ನು ದಿಲ್ಲಿಗೆ ಕರೆತಂದು ಜಾಗ ಕೊಟ್ಟದ್ದೂ ಕರೋಲ್ ಬಾಗೇ. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಹೊಸ ಕಟ್ಟಡದ ಅಡಿಗಲ್ಲನ್ನು ದೊಡ್ಡವರ ಕೈಯಿಂದ ಇಡಿಸದೆ ಶಾಲೆಯ ಅತಿ ಚಿಕ್ಕ ಹುಡುಗನ ಕೈಯಿಂದ ಇಡಿಸಿದರು. (ಬಿ.ಎಡ್. ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ, ನನಗೆ ತುಂಬಾ ಇಷ್ಟವಾದ ಘಟನೆ.) ಓಖ್ಲಾ ಆಗ ಊರಾಚೆ, ಹೊಲ, ಯಮುನೆಯ ದಂಡೆ. 1947ರಲ್ಲಿ ಕರೋಲ್ ಬಾಗ್‌ನಲ್ಲಿ ಉಳಿದಿದ್ದ ಜಾಮಿಯಾದ ಪುಸ್ತಕ ಪ್ರಕಾಶನ, ಮಕ್ತಬಾ ಜಾಮಿಯಾ, ಬೆಂಕಿಗೆ ಹೋಯಿತು. ಓಖ್ಲಾ ಉಳಿಯಿತು. ಆಮೇಲೆ ವಿಶ್ವವಿದ್ಯಾಲಯದ ಸುತ್ತ ಜಾಕಿರ್ ನಗರ, ಬಟ್ಲಾ ಹೌಸ್, ಅಬುಲ್ ಫಜಲ್ ಎನ್‌ಕ್ಲೇವ್, ಶಾಹೀನ್ ಬಾಗ್ ಬೆಳೆದವು. ಬೇರೆಡೆ ಮನೆ ಸಿಗದವರು ಬಂದರು, ಬೇರೆಡೆ ಸಿಕ್ಕರೂ ಹೆದರಿದವರು ಬಂದರು. ಹೆಚ್ಚು ಜನ, ಕಡಿಮೆ ಜಾಗ, ಇಕ್ಕಟ್ಟಾದ ಗಲ್ಲಿ.

ಓಖ್ಲಾವನ್ನು ಹೊರಗಿನವರು ಸಲೀಸಾಗಿ 'ಅವರು ತಾವೇ ಒಟ್ಟಿಗೆ ಇರೋದು' ಅಂತಾರೆ. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ಅದರಲ್ಲಿ ಈ ಮಾತಿಗೆ ಉತ್ತರ ಇತ್ತು: ಮುಸಲ್ಮಾನರಿಗೆ ತಮ್ಮಿಷ್ಟದ ಜಾಗದಲ್ಲಿ ಮನೆ ಕೊಳ್ಳಲು, ಬಾಡಿಗೆಗೆ ಪಡೆಯಲು ಆಗುತ್ತಿಲ್ಲ, ಭಯದಿಂದಲೂ ಅವರು ಒಂದೇ ಕಡೆ ಸೇರುತ್ತಿದ್ದಾರೆ, ಹಾಗೆ ಸೇರಿದ ಕಡೆಗೆ ನೀರು, ರಸ್ತೆ, ಶಾಲೆ, ಬ್ಯಾಂಕು ಸರಿಯಾಗಿ ತಲುಪುತ್ತಿಲ್ಲ ಅಂತ. ತಮ್ಮನಿಗೆ ರೂಮು ಹುಡುಕುವಾಗ ನನಗೆ ಆದದ್ದು ದೊಡ್ಡ ಅವಮಾನವೇನಲ್ಲ. ಯಾರೂ ಬೈಯಲಿಲ್ಲ. ಫೋನಿನಲ್ಲಿ ಹಿಂದಿ ಕೇಳಿ 'ಸೌತ್ ಇಂಡಿಯನ್ನಾ? ಬನ್ನಿ ಬನ್ನಿ' ಅಂದವರು ಆಧಾರ್ ಕಾರ್ಡ್ ಕೈಗೆ ತೆಗೆದುಕೊಂಡ ಮೇಲೆ 'ಅಯ್ಯೋ, ಈಗಷ್ಟೇ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದರು' ಅಂದರು. ಒಂದೇ ದಿನ ಮೂರು ಕಡೆ 'ಈಗಷ್ಟೇ' ಆಯಿತು. ನಾಲ್ಕನೇ ಕಡೆ ಒಬ್ಬ ಪಂಜಾಬಿ ಅಜ್ಜಿ ಕಾರ್ಡನ್ನು ನೋಡಲೇ ಇಲ್ಲ. ತಮ್ಮನ ಮುಖ ನೋಡಿ, "ರಾತ್ರಿ ಹತ್ತರ ಮೇಲೆ ಗೇಟು ತೆರೆಯಲ್ಲ, ಗೀಜರ್ ಅರ್ಧ ಗಂಟೆ ಮಾತ್ರ" ಅಂದರು. ಅಲ್ಲೇ ಇದ್ದ ಎರಡು ವರ್ಷ. ಈ ನಾಲ್ಕನ್ನೂ ಹೇಳಬೇಕು. ಮೂರನ್ನೇ ಹೇಳಿದರೂ ತಪ್ಪು, ಒಂದನ್ನೇ ಹೇಳಿದರೂ ತಪ್ಪು.

ಹಿಂದಿನವರು ಪ್ರಯಾಣಿಕರನ್ನು ಎಲ್ಲಿ ಇಳಿಸುತ್ತಿದ್ದರು? 1334ರ ಸುಮಾರಿಗೆ ದಿಲ್ಲಿಗೆ ಬಂದ ಇಬ್ನ್ ಬತೂತಾನಿಗೆ ಸುಲ್ತಾನನ ಕಡೆಯಿಂದಲೇ ಮನೆ, ದಿನಸಿ ಸಿಕ್ಕಿತು. ಅದೃಷ್ಟವಂತ. ಉಳಿದವರಿಗೆ ಸರಾಯಿಗಳು. ಹಾಂ, ಕನ್ನಡದ ಓದುಗರು ನಗಬೇಡಿ, ಇದು ಕುಡಿಯುವ ಸಾರಾಯಿ ಅಲ್ಲ, ಫಾರ್ಸಿಯ ಸರಾಯ್, ಅಂದರೆ ತಂಗುದಾಣ. ದಿಲ್ಲಿಯ ನಕಾಶೆ ತೆಗೆದು ನೋಡಿ: ಸರಾಯ್ ಕಾಲೇ ಖಾನ್, ಸರಾಯ್ ರೋಹಿಲ್ಲಾ, ಯೂಸುಫ್ ಸರಾಯ್, ಶೇಖ್ ಸರಾಯ್, ಲಾಡೋ ಸರಾಯ್, ಬೇರ್ ಸರಾಯ್, ಜಿಯಾ ಸರಾಯ್. ಕೊನೆಯ ಎರಡರಲ್ಲಿ ಇವತ್ತಿಗೂ ಐಐಟಿ, ಜೆಎನ್‌ಯು ಹತ್ತಿರದ ಕೋಚಿಂಗ್ ಹುಡುಗರೇ ತುಂಬಿದ್ದಾರೆ. ಎಷ್ಟೋ ರಾಜ್ಯಗಳು ಬಿದ್ದುಹೋದವು, ಈ ಎರಡು ಸರಾಯ್‌ಗಳು ಮಾತ್ರ ತಮ್ಮ ಹಳೇ ಕೆಲಸ ಬಿಟ್ಟಿಲ್ಲ.

ಸರಾಯ್‌ಗಳಲ್ಲಿ ರಾಣಿ ಅಂದರೆ ಜಹಾನಾರಾ ಬೇಗಂ ಕಟ್ಟಿಸಿದ್ದು. ಷಹಜಹಾನ್ ಹೊಸ ನಗರ ಷಹಜಹಾನಾಬಾದನ್ನು 1639ರಲ್ಲಿ ಶುರು ಮಾಡಿ 1648ರಲ್ಲಿ ಅಲ್ಲಿಗೆ ಬಂದು ನೆಲೆಸಿದ. ಮಗಳು ಜಹಾನಾರಾ ಚಾಂದ್ನಿ ಚೌಕ್ ಮಾಡಿಸಿದಳು, ಅದರ ಮಗ್ಗುಲಲ್ಲಿ ದೂರದೇಶದ ವರ್ತಕರಿಗಾಗಿ ಒಂದು ದೊಡ್ಡ ಸರಾಯ್. ಇರಾನಿನವರು, ಉಜ್ಬೆಕರು ಅಲ್ಲಿ ಇಳಿಯುತ್ತಿದ್ದರು, ರಾತ್ರಿ ಬಾಗಿಲು ಹಾಕಿದರೆ ಸಾಮಾನು ಸುರಕ್ಷಿತ. ಫ್ರೆಂಚ್ ಪ್ರವಾಸಿ ಬರ್ನಿಯೇ ಅದನ್ನು ನೋಡಿ, ನಮ್ಮ ಪ್ಯಾರಿಸ್‌ನಲ್ಲೂ ಇಂಥವು ಇದ್ದಿದ್ದರೆ ಹೊಸಬರಿಗೆ ಎಷ್ಟು ಅನುಕೂಲ ಆಗುತ್ತಿತ್ತು ಎಂಬರ್ಥದಲ್ಲಿ ಬರೆದಿದ್ದಾನೆ. ಒಬ್ಬ ಹೆಣ್ಣುಮಗಳು ಪರಊರಿನವರ ಕಷ್ಟ ಯೋಚಿಸಿ ಕಟ್ಟಿಸಿದ ಆ ಸರಾಯನ್ನು 1857ರ ನಂತರ ಬ್ರಿಟಿಷರು ಕೆಡವಿಸಿದರು. ಈಗ ಅಲ್ಲಿ ಟೌನ್ ಹಾಲ್ ಕಟ್ಟಡ ಇದೆ.

1857 ಅಂದಾಗ ಮತ್ತೆ ಮುಖರ್ಜಿ ನಗರದ ಕಡೆಗೇ ಬರಬೇಕು. ದಿಲ್ಲಿ ವಿಶ್ವವಿದ್ಯಾಲಯದ ಹಿಂದಿನ ಗುಡ್ಡಸಾಲು, ಉತ್ತರ ರಿಜ್, ಓದಿ ಓದಿ ತಲೆ ಬಿಸಿಯಾದ ಹುಡುಗರು ಬೆಳಿಗ್ಗೆ ವಾಕಿಂಗ್ ಹೋಗುವ ಜಾಗ. ಅಲ್ಲಿ ಫ್ಲ್ಯಾಗ್‌ಸ್ಟಾಫ್ ಟವರ್ ಅನ್ನೋ ಗುಂಡನೆಯ ಕಟ್ಟಡವಿದೆ. ಮೇ 11ರಂದು ಬ್ರಿಟಿಷ್ ಹೆಂಗಸರು, ಮಕ್ಕಳು ಜೀವ ಉಳಿಸಿಕೊಳ್ಳಲು ಅಲ್ಲಿ ಸೇರಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಗುಡ್ಡದ ಮೇಲಿಂದ ಬ್ರಿಟಿಷ್ ಸೇನೆ ನಗರದ ಮೇಲೆ ಫಿರಂಗಿ ಹೊಡೆಯಿತು. ನಗರ ಬಿದ್ದ ಮೇಲೆ ಎಲ್ಲರನ್ನೂ ಹೊರಗೆ ಅಟ್ಟಿದರು. ಹಿಂದೂಗಳಿಗೆ 1858ರಲ್ಲಿ ವಾಪಸ್ ಬರಲು ಬಿಟ್ಟರು, ಮುಸಲ್ಮಾನರು ಇನ್ನೂ ಕಾಯಬೇಕಾಯಿತು. ಜಾಮಾ ಮಸೀದಿಯನ್ನು ವಾಪಸ್ ಕೊಟ್ಟದ್ದು 1862ರಲ್ಲಿ. ಫತೇಪುರಿ ಮಸೀದಿಯನ್ನು ಹರಾಜಿನಲ್ಲಿ ಲಾಲಾ ಚುನ್ನಾಮಲ್ ಕೊಂಡಿದ್ದರು, ಮುಸಲ್ಮಾನರ ಕೈಗೆ ಬಂದದ್ದು 1877ರಲ್ಲಿ, ಅದೇ ಮೊದಲ ದರ್ಬಾರಿನ ವರ್ಷ. ಬಲ್ಲಿಮಾರಾನ್‌ನ ಗಲಿ ಕಾಸಿಂ ಜಾನ್‌ನಲ್ಲಿದ್ದ ಮಿರ್ಜಾ ಗಾಲಿಬ್ ಮಾತ್ರ ತಮ್ಮ ಮನೆಯಲ್ಲೇ ಉಳಿದರು. ಕಾರಣ ಅವರ ಕಾವ್ಯ ಅಲ್ಲ. ಆ ಗಲ್ಲಿಯಲ್ಲಿದ್ದ ಹಕೀಮರು ಪಟಿಯಾಲಾ ಮಹಾರಾಜರ ಸೇವೆಯಲ್ಲಿದ್ದರು, ಮಹಾರಾಜರು ಬ್ರಿಟಿಷರ ಕಡೆಗಿದ್ದರು, ಹಾಗಾಗಿ ಗಲ್ಲಿಯ ಬಾಗಿಲಿಗೆ ಪಟಿಯಾಲಾದ ಕಾವಲು ಬಂತು. ಒಳ್ಳೆ ನೆರೆಮನೆ ಅಂದರೆ ಎಷ್ಟು ದೊಡ್ಡ ವಿಷಯ ನೋಡಿ.

ರಿಜ್ ಮೇಲೆ, ಹಿಂದೂ ರಾವ್ ಆಸ್ಪತ್ರೆ ಹತ್ತಿರ, ಒಂದು ಅಶೋಕ ಸ್ತಂಭವೂ ಇದೆ. ಫಿರೋಜ್ ಷಾ ತುಘಲಕ್ ಮೀರತ್‌ನಿಂದ ತರಿಸಿ ನಿಲ್ಲಿಸಿದ್ದು, ಹದಿನೆಂಟನೇ ಶತಮಾನದಲ್ಲಿ ಸ್ಫೋಟಕ್ಕೆ ಸಿಕ್ಕಿ ತುಂಡಾಯಿತು, 1867ರಲ್ಲಿ ಜೋಡಿಸಿ ಮತ್ತೆ ನಿಲ್ಲಿಸಿದರು. ರಾಯಚೂರು ಕಡೆಯ ಮಸ್ಕಿ, ನಮ್ಮ ಜಿಲ್ಲೆಯ ಸನ್ನತಿ ನೋಡಿ ಬೆಳೆದ ಮಕ್ಕಳಿಗೆ ಇದು ಪರಊರಿನ ಕಲ್ಲು ಅನ್ನಿಸಲ್ಲ.

ಹಾಗಾದರೆ ಎಲ್ಲಿ ಇಳಿದುಕೊಳ್ಳಬೇಕು? ಮೂರು-ನಾಲ್ಕು ದಿನಕ್ಕೆ ಕುಟುಂಬದ ಜೊತೆ ಹೋಗುವವರು ಜಾಮಾ ಮಸೀದಿ ಸುತ್ತ, ಇಲ್ಲವೇ ದರಿಯಾಗಂಜ್‌ನಲ್ಲಿ ಇಳಿಯಿರಿ ಅನ್ನೋದು ನನ್ನ ಅಭಿಪ್ರಾಯ. ಗದ್ದಲ ಇದೆ, ರಿಕ್ಷಾದವರ ಜಗಳ ಇದೆ, ಕೆಲವು ಹೋಟೆಲಿನ ಹಾಸಿಗೆ ನೋಡಿಯೇ ಹಿಡಿಯಬೇಕು. ಆದರೆ ಫಜರ್ ಅಜಾನ್ ಆದ ಮೇಲೆ ಮಸೀದಿಯ ಮೆಟ್ಟಿಲ ಮೇಲೆ ಕೂತು ಕೆಂಪುಕೋಟೆಯ ಕಡೆ ನೋಡಿದರೆ, ಮಧ್ಯದ ಆ ಬಯಲು ಯಾಕೆ ಖಾಲಿ ಇದೆ ಅಂತ ಮಕ್ಕಳನ್ನು ಕೇಳಿ. 1857ರ ಮೊದಲು ಅಲ್ಲಿ ಮನೆ, ಬಜಾರು, ಅಕ್ಬರಾಬಾದಿ ಮಸೀದಿ ಎಲ್ಲ ಇದ್ದವು, ಕೆಡವಿ ಬಯಲು ಮಾಡಿದರು. ತುರ್ಕ್‌ಮಾನ್ ಗೇಟ್ ಒಳಗೆ ಬುಲ್ಬುಲಿ ಖಾನಾದಲ್ಲಿ ರಜಿಯಾ ಸುಲ್ತಾನಳ ಸಮಾಧಿ ಇದೆ, ಛಾವಣಿಯೂ ಇಲ್ಲದೆ, ಮನೆಗಳ ನಡುವೆ. ಹೆಣ್ಣುಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ. ಅದೇ ತುರ್ಕ್‌ಮಾನ್ ಗೇಟ್‌ನಲ್ಲಿ 1976ರ ಏಪ್ರಿಲ್‌ನಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಬುಲ್ಡೋಜರ್ ಬಂದಿತ್ತು ಅನ್ನೋದನ್ನೂ ಹೇಳಿ. ಜಿಯಾರತ್ತೇ ಮುಖ್ಯ ಅನ್ನುವವರು ನಿಜಾಮುದ್ದೀನ್ ಬಸ್ತಿಯಲ್ಲಿ ಇರಬಹುದು. ಹಜರತ್ ನಿಜಾಮುದ್ದೀನ್ ಔಲಿಯಾ, ಅಮೀರ್ ಖುಸ್ರೋ, ಅದೇ ಜಹಾನಾರಾ, ಗಾಲಿಬ್ ಎಲ್ಲರೂ ಕೂಗಳತೆಯಲ್ಲಿ ಮಲಗಿದ್ದಾರೆ.

ಒಂದು ಸಣ್ಣ ಮಾತು. ಅಲ್ಲಿ ನೀವು 'ನಕ್ಕೋ', 'ಹೌ' ಅಂದರೆ ಯಾರಾದರೂ ನಕ್ಕಾರು. ಸಂಕೋಚ ಪಡಬೇಡಿ. ದಖ್ಖನಿನ ವಲಿ 1700ರಲ್ಲಿ ದಿಲ್ಲಿಗೆ ಹೋಗಿ ಬಂದ, ಅವನ ದೀವಾನ್ 1720ರ ಸುಮಾರಿಗೆ ಅಲ್ಲಿಗೆ ತಲುಪಿತು. ಅಲ್ಲಿಯವರೆಗೆ ಫಾರ್ಸಿಯೇ ಕಾವ್ಯ ಅಂದುಕೊಂಡಿದ್ದ ದಿಲ್ಲಿಯ ಕವಿಗಳು ಈ ನುಡಿಯಲ್ಲೂ ಗಜಲ್ ಬರೆಯಬಹುದು ಅಂತ ಧೈರ್ಯ ಮಾಡಿದ್ದು ಅದನ್ನು ನೋಡಿದ ಮೇಲೆ.

ಓದಲು ಹೋಗುವವರ ಮಾತು ಬೇರೆ. ಮೊದಲು ಜಾಮಿಯಾದ ವಸತಿ ಕೋಚಿಂಗ್ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆಯಿರಿ. ಅಲ್ಪಸಂಖ್ಯಾತರು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಮಹಿಳೆಯರಿಗೆ ಅಲ್ಲಿ ಉಚಿತ ತರಬೇತಿ. 2021ರ ಯುಪಿಎಸ್‌ಸಿಯಲ್ಲಿ ದೇಶಕ್ಕೆ ಮೊದಲ ಸ್ಥಾನ ಬಂದ ಶ್ರುತಿ ಶರ್ಮಾ ಅಲ್ಲಿ ತಯಾರಾದವರು. ಜಾಮಿಯಾ ಅಂದರೆ ಒಂದೇ ಸಮುದಾಯ ಅನ್ನುವವರಿಗೆ ಆ ಹೆಸರು ಸಾಕು. ಸಿಗದಿದ್ದರೆ ಮುಖರ್ಜಿ ನಗರಕ್ಕೆ ಹೋಗಿ, ಹೆದರಬೇಡಿ. ಮೂರು ಕಡೆ 'ಈಗಷ್ಟೇ' ಅಂದರೂ ನಾಲ್ಕನೇ ಬಾಗಿಲು ತಟ್ಟಿ. ಹೆಸರು ಬಚ್ಚಿಟ್ಟು, ಗೆಳೆಯನ ಹೆಸರಲ್ಲಿ ರೂಮು ಹಿಡಿಯುವ ಉಪಾಯ ಕೆಲವರು ಹೇಳಿಕೊಡ್ತಾರೆ, ಅದು ಬೇಡ. ಪೊಲೀಸ್ ವೆರಿಫಿಕೇಷನ್ ಬಂದಾಗ ಸಿಕ್ಕಿಹಾಕಿಕೊಳ್ಳೋದು ನೀವೇ. ಮತ್ತೆ, ಯಾವ ಮೊಹಲ್ಲಾ ಆದರೂ ಮೊದಲು ಮೆಟ್ಟಿಲು ನೋಡಿ, ಆಮೇಲೆ ಕೋಣೆ ನೋಡಿ. 2023ರ ಜೂನ್ 15ರಂದು ಮುಖರ್ಜಿ ನಗರದ ಕೋಚಿಂಗ್ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಾಗ ಮಕ್ಕಳು ಕಿಟಕಿಯಿಂದ ವೈರು ಹಿಡಿದು ಇಳಿದರು. 2024ರ ಜುಲೈ 27ರಂದು ಓಲ್ಡ್ ರಾಜಿಂದರ್ ನಗರದಲ್ಲಿ ನೆಲಮಾಳಿಗೆಯ ಲೈಬ್ರರಿಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಹೊರಹೋಗಲು ಎರಡನೇ ದಾರಿ ಇಲ್ಲದ ಕಟ್ಟಡಕ್ಕೆ ಅಡ್ವಾನ್ಸ್ ಕೊಡಬೇಡಿ, ಮಾಲೀಕ ಎಷ್ಟೇ ಒಳ್ಳೆಯವನಿರಲಿ.

ಮುಖರ್ಜಿ ನಗರದಲ್ಲಿದ್ದರೆ ಅನುಕೂಲ ಏನೆಂದರೆ, ಮೆಟ್ರೋದಲ್ಲಿ ಐದನೇ ನಿಲ್ದಾಣವೇ ಚಾಂದ್ನಿ ಚೌಕ್. ಜುಮ್ಮಾದ ನಮಾಜಿಗೆ ಜಾಮಾ ಮಸೀದಿಗೆ ಹೋಗಿ ಬಂದು ಸಂಜೆ ಕ್ಲಾಸಿಗೆ ಕೂರಬಹುದು. ಇನ್ನು ಭಾನುವಾರ ಬೆಳಿಗ್ಗೆ ಯಮುನೆ ಕಡೆ ವಜೀರಾಬಾದಿಗೆ ಹೋಗಿ. ತುಘಲಕ್ ಕಾಲದ ಒಂದು ಕಲ್ಲಿನ ಸೇತುವೆ, ಚಿಕ್ಕ ಮಸೀದಿ, ಷಾ ಆಲಂ ಎಂಬ ಸಂತರ ಗೋರಿ ಅಲ್ಲಿವೆ. 1398ರ ಡಿಸೆಂಬರಿನಲ್ಲಿ ದಿಲ್ಲಿಯನ್ನು ಕೊಳ್ಳೆ ಹೊಡೆದ ತೈಮೂರನ ಸೇನೆ ವಾಪಸ್ ಹೊರಟಾಗ ನದಿ ದಾಟಿದ್ದು ಇದರ ಹತ್ತಿರವೇ.

ಅದೇ ಡಿಸೆಂಬರಿನಲ್ಲಿ, ಊರಿನ ಇನ್ನೊಂದು ದಿಕ್ಕಿನಿಂದ, ಎಂಬತ್ತರ ಹತ್ತಿರದ ಒಬ್ಬ ವೃದ್ಧರು ದಿಲ್ಲಿ ಬಿಟ್ಟು ದಕ್ಷಿಣಕ್ಕೆ ಹೊರಟರು. ಅವರೇ ನಮ್ಮ ಹಜರತ್ ಖ್ವಾಜಾ ಬಂದೇ ನವಾಜ್ ಗೇಸೂದರಾಜ್. 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿ, ಮುಹಮ್ಮದ್ ಬಿನ್ ತುಘಲಕ್ ರಾಜಧಾನಿ ಬದಲಾಯಿಸಿದಾಗ ಬಾಲ್ಯದಲ್ಲೇ ತಂದೆತಾಯಿಯ ಜೊತೆ ದೌಲತಾಬಾದಿಗೆ ಹೋಗಿ, ಮತ್ತೆ ದಿಲ್ಲಿಗೆ ಬಂದು ಹಜರತ್ ನಸೀರುದ್ದೀನ್ ಚಿರಾಗ್-ಎ-ದೆಹ್ಲವಿಯವರ ಮುರೀದ್ ಆದವರು. ಅವರ ದಿಲ್ಲಿ ಯಾವ ಮೊಹಲ್ಲಾ ಗೊತ್ತೇ? ದಕ್ಷಿಣ ದಿಲ್ಲಿಯಲ್ಲಿ ಈಗ ಚಿರಾಗ್ ದಿಲ್ಲಿ ಅಂತ ಕರೆಯುವ ಕಡೆ. ಆ ಹೆಸರಿನದೇ ಮೆಟ್ರೋ ನಿಲ್ದಾಣ ಇದೆ. ಹದಿನೆಂಟನೇ ಶತಮಾನದಲ್ಲಿ ಬಾದಷಹ ಮುಹಮ್ಮದ್ ಷಾ ಸುತ್ತ ಗೋಡೆ ಕಟ್ಟಿಸಿದ್ದ ಹ—ಳ್ಳಿ, ಒಳಗೆ ಕಿರಿದಾದ ಗಲ್ಲಿಗಳು, ಕಿರಾಣಿ ಅಂಗಡಿ, ಹೊಲಿಗೆ ಮೆಷಿನ್ನಿನ ಸದ್ದು, ನಡುವೆ ದರ್ಗಾ. 1356ರಲ್ಲಿ ಪೀರ್ ತೀರಿಕೊಂಡಾಗ ಬಂದೇ ನವಾಜರು ತಮ್ಮ ಕೈಯಾರೆ ಗುಸಲ್ ಮಾಡಿಸಿ, ಆ ಮಂಚದ ಹಗ್ಗವನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡು, ಇದೇ ನನ್ನ ಖಿರ್ಕಾ ಅಂದರು ಅಂತ ನಮ್ಮ ಕಡೆ ಹಿರಿಯರು ಹೇಳ್ತಾರೆ. ಬಹಮನಿಗಳ ಗುಲ್ಬರ್ಗಾಕ್ಕೆ ಬಂದು ನೆಲೆಸಿ, 1422ರಲ್ಲಿ ಇಲ್ಲೇ ವಫಾತಾದರು.

ನಾನು ಹೋದ ದಿನ ದರ್ಗಾದಲ್ಲಿ ನಾಲ್ಕೈದು ಜನ ಇದ್ದರು. ಎಲ್ಲಿಂದ ಬಂದಿರಿ ಅಂತ ಕಸ ಗುಡಿಸುತ್ತಿದ್ದ ಹಿರಿಯರು ಕೇಳಿದರು. ಗುಲ್ಬರ್ಗಾ ಅಂದೆ. ಪೊರಕೆ ಗೋಡೆಗೆ ಒರಗಿಸಿ, ತಮ್ಮನಿಗೂ ನನಗೂ ಕೂರಲು ಚಾಪೆ ತಂದು ಹಾಸಿದರು.